ನಮ್ಮ ಗೋಡೆಗೊಂದು ಬಿರುಕು

ನಮ್ಮ ಯಜಮಾನರ ಜೊತೆ ನಾನು ಮಾತು ಬಿಟ್ಟಿದ್ದು ಒಂದು ಬಿರುಕಿನ ವಿಷಯಕ್ಕೆ. ಗಂಡಹೆಂಡಿರ ನಡುವಿನ ಬಿರುಕು ಎಂದುಕೊಳ್ಳಬೇಡಿ, ಗೋಡೆಯ ಮೇಲಿನ ಬಿರುಕು. ಬೀದಿಯಲ್ಲಿ ಎಲ್ಲರ ಗೋಡೆಗೂ ಒಂದೊಂದು ಬರೆದುಕೊಟ್ಟ ಮನುಷ್ಯ, ಕಟ್ಟಿಕೊಂಡ ಹೆಂಡತಿಯ ಅಂಗಡಿಯ ಗೋಡೆಯನ್ನು ಮಾತ್ರ ನುಣ್ಣಗೆ ಬಿಟ್ಟಿದ್ದರು. ಇದನ್ನು ಯಾವ ಹೆಂಡತಿ ಸಹಿಸುತ್ತಾಳೆ, ನೀವೇ ಹೇಳಿ.

ಮೊದಲಿನಿಂದ ಹೇಳಿಬಿಡುತ್ತೇನೆ. ನಮ್ಮದು ಪೇಟೆಯ ನಡುವಿನ ಹಳೆಯ ಬೀದಿ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ರೈಲು ನಿಲ್ದಾಣದ ಆಚೆ ಹೊಸ ಪೇಟೆ ಬೆಳೆದ ಮೇಲೆ ಇತ್ತ ಜನ ಬರುವುದು ಕಡಿಮೆಯಾಯಿತು. ಕೆಲವು ಶಟರುಗಳು ಇಳಿದದ್ದು ಮತ್ತೆ ಏಳಲೇ ಇಲ್ಲ. ಬೀದಿದೀಪಗಳಲ್ಲಿ ಕೆಲವು ಉರಿಯುತ್ತವೆ, ಕೆಲವಕ್ಕೆ ಮನಸ್ಸು ಬಂದರೆ ಉರಿಯುತ್ತವೆ.

ನನ್ನದು ಗುಂಡಿ ಅಂಗಡಿ. ಅಂಗಿಯ ಗುಂಡಿ, ಕೋಟಿನ ಗುಂಡಿ, ಹುಕ್ಕು, ಜಿಪ್ಪು, ದಾರ. ಗೋಡೆಯ ತುಂಬ ಸಣ್ಣ ಸಣ್ಣ ಡ್ರಾಯರುಗಳು. ಪ್ರತಿಯೊಂದರ ಮುಂದೆಯೂ ಒಳಗಿರುವ ಗುಂಡಿಯದೇ ಒಂದು ಮಾದರಿ ಹೊಲಿದು ಅಂಟಿಸಿದೆ. ಜನ ಉಳಿದ ಒಂದು ಗುಂಡಿಯನ್ನು ಅಂಗೈಯಲ್ಲಿಟ್ಟುಕೊಂಡು ಬರುತ್ತಾರೆ, ನಾನು ಕಳೆದುಹೋದದ್ದರ ಜೋಡಿ ಹುಡುಕಿಕೊಡುತ್ತೇನೆ. ಪಕ್ಕದ ಕಟ್ಟಡದಲ್ಲಿ ಟೈಲರಣ್ಣ, ಆಚೆ ಬೀದಿಯ ಮೂಲೆಯವರೆಗೂ ಇನ್ನಷ್ಟು ದರ್ಜಿಗಳು. ಅವರಿಂದಲೇ ನನ್ನ ಅಂಗಡಿ ಉಸಿರಾಡುವುದು. ಇದನ್ನು ಕಿತ್ತು ಬೇರೆ ಕಡೆ ಇಟ್ಟರೆ ಒಂದೇ ಒಂದು ಗುಂಡಿಗಾಗಿ ಬಸ್ಸು ಹತ್ತಿ ಯಾರು ಬರುತ್ತಾರೆ?

ನಮ್ಮ ಯಜಮಾನರು ಬೋರ್ಡ್ ಬರೆಯುವವರು. ಬೀದಿಯೆಲ್ಲ ಅವರನ್ನು ಆರ್ಟಿಸ್ಟ್ ಎಂದೇ ಕರೆಯುವುದು, ಅವರಿಗೂ ಅದರಲ್ಲಿ ಏನೂ ಸಂಕೋಚವಿಲ್ಲ. ನಮ್ಮಮ್ಮನ ಕಾಲದಲ್ಲಿ ಇದೇ ಅಂಗಡಿಗೆ ಬೋರ್ಡ್ ಬರೆಯಲು ಬಂದವರು. ಒಂದು ದಿನದ ಕೆಲಸವನ್ನು ತಿಂಗಳುಗಟ್ಟಲೆ ಎಳೆದರು. ಒಂದು ಅಕ್ಷರ ಬರೆಯುವುದು, ಕೆಳಗಿಳಿದು ನನ್ನ ಕಡೆ ನೋಡುವುದು, ಅಕ್ಷರ ಸರಿಯಿಲ್ಲ ಎಂದು ಒರೆಸುವುದು. ಕೊನೆಗೆ ಅಮ್ಮ, ಬೋರ್ಡ್ ಬರೆಯುತ್ತೀಯೋ ಇಲ್ಲ ಮದುವೆ ಆಗುತ್ತೀಯೋ, ಎರಡರಲ್ಲಿ ಒಂದು ಬೇಗ ಹೇಳು ಎಂದಳು. ಎರಡೂ ಮಾಡಿದರು. ಆ ಬೋರ್ಡು ಇನ್ನೂ ನಮ್ಮ ಬಾಗಿಲ ಮೇಲಿದೆ.

ಆಮೇಲೆ ಕಂಪ್ಯೂಟರಿನಲ್ಲಿ ಅಚ್ಚಾಗುವ ಫ್ಲೆಕ್ಸ್ ಬಂತು. ಬ್ರಷ್ಷುಗಳು ಡಬ್ಬಿಯಲ್ಲೇ ಒಣಗಿದವು. ಇವರು ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಬೆರಳಿನಿಂದ ತೊಡೆಯ ಮೇಲೆ ಅಕ್ಷರ ತಿದ್ದುತ್ತಿದ್ದರು. ನೋಡಿದರೆ ನನ್ನ ಕರುಳು ಚುರುಕ್ಕೆನ್ನುತ್ತಿತ್ತು. ಆದರೆ ಬಾಯಲ್ಲಿ ಬರುತ್ತಿದ್ದದ್ದು, ಸುಮ್ಮನೆ ಕೂರುವ ಬದಲು ಡ್ರಾಯರ್ ಆದರೂ ಒರೆಸಬಾರದೇ ಎನ್ನುವ ಮಾತು. ನನ್ನ ನಾಲಿಗೆಯ ಗುಣವೇ ಅಂಥದ್ದು.

ಹೀಗಿರುವಾಗ ಒಂದು ಬೆಳಿಗ್ಗೆ ಗಡಿಯಾರದಜ್ಜ ಪೇಪರ್ ಹಿಡಿದುಕೊಂಡು ಬೀದಿಯ ನಡುವೆ ನಿಂತರು. ಗಡಿಯಾರ ರಿಪೇರಿ ಮಾಡುವ ಈ ಅಜ್ಜನೇ ನಮ್ಮ ಬೀದಿಗೆ ಹಿರಿಯರು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೇ ಪೇಪರ್ ಓದುವುದರಿಂದ ಅವರಿಗೆ ದಪ್ಪ ಅಕ್ಷರ ಮಾತ್ರ ಓದಲು ತಾಳ್ಮೆ. ಹಳೆ ಪೇಟೆಗೆ ಹೊಸ ಜೀವ, ಶಿಥಿಲ ಕಟ್ಟಡಗಳ ಸಮೀಕ್ಷೆ ಎಂದು ಎರಡು ಸಾಲು ಓದಿ ಪೇಪರ್ ಮಡಚಿದರು. ಯಾರ ಕಟ್ಟಡ ಹೆಚ್ಚು ಹಾಳಾಗಿದೆಯೋ ಅವರಿಗೆ ನಗರಸಭೆಯಿಂದ ರಿಪೇರಿಗೆ ಸಹಾಯ ಎಂದು ಅವರೇ ಅರ್ಥವನ್ನೂ ಬಿಡಿಸಿದರು. ಕೆಳಗಿನ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ನಮ್ಮಲ್ಲಿ ಒಬ್ಬರಾದರೂ ನೋಡಬೇಕಲ್ಲ? ಇಲ್ಲ. ಬೀದಿಗೆ ಬೀದಿಯೇ ಖುಷಿಯಲ್ಲಿ ತೇಲಿತು.

ತೊಂದರೆ ಏನೆಂದರೆ, ನಮ್ಮ ಕಟ್ಟಡಗಳು ನೋಡಲು ಮಾಸಿದ್ದವೇ ಹೊರತು ಹಾಳಾಗಿರಲಿಲ್ಲ. ಹಿಂದಿನವರು ಗಟ್ಟಿಯಾಗಿ ಕಟ್ಟಿಬಿಟ್ಟಿದ್ದರು. ಇದ್ದದ್ದರಲ್ಲಿ ನಮ್ಮ ಕಟ್ಟಡದ ಸೂರು ಮಳೆಗಾಲದಲ್ಲಿ ಸೋರಿ ನೀರು ಕೆಳಗಿನ ಅಂಗಡಿಯವರೆಗೂ ಇಳಿಯುತ್ತಿತ್ತು, ಅದೂ ಒಳಗೊಳಗೇ. ಹೊರಗಿನಿಂದ ನೋಡುವವರಿಗೆ ಕಾಣುವುದು ಏನು? ಆಗ ಟೈಲರಣ್ಣ ಸ್ಟೂಲಿನ ಮೇಲೆ ಕೂತಿದ್ದ ನಮ್ಮ ಯಜಮಾನರ ಕಡೆ ತಿರುಗಿ, "ಆರ್ಟಿಸ್ಟೇ, ಒಂದು ಬಿರುಕು ಬರೀತೀಯಾ?" ಎಂದು ಕೇಳಿದ.

ಎಷ್ಟೋ ಕಾಲದ ಮೇಲೆ ಒಬ್ಬ ಗಿರಾಕಿ. ಇವರ ಬೆನ್ನು ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ.

ಪುಡಿ ಬಣ್ಣಕ್ಕೆ ಚೂರು ಗೋಂದು ಕಲಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವ ಹಾಗೆ ಬರೆದರು. ಏಣಿ ಹಾಕಿ ಮೇಲಿನ ಕಿಟಕಿಯ ಮೂಲೆಯಿಂದ ಶುರು ಮಾಡಿ, ನಡುವೆ ಕವಲೊಡೆಸಿ, ಅಂಚಿಗೆ ಬೆಳಕು, ಆಳಕ್ಕೆ ಕಪ್ಪು ಕೊಟ್ಟು ಸಜ್ಜದವರೆಗೆ ಇಳಿಸಿದರು. ಕೆಳಗೆ ನಿಂತು ನೋಡಿದರೆ ಟೈಲರಣ್ಣನ ಕಟ್ಟಡ ಸಂಜೆಯೊಳಗೆ ಬಿದ್ದೇಹೋಗುತ್ತದೆ ಎನಿಸುವಂತಿತ್ತು. ಟೈಲರಣ್ಣನ ಹೆಂಡತಿ ಅದನ್ನು ನೋಡಿ ಒಳಗೆ ಹೋಗಲು ಹೆದರಿದಳು.

ಅಲ್ಲಿಂದ ಸಾಲುಗಟ್ಟಿತು ನೋಡಿ ಜನ. ಎದುರಿನ ಚಪ್ಪಲಿ ಅಂಗಡಿಯವನಿಗೆ ಟೈಲರಣ್ಣನಿಗಿಂತ ದೊಡ್ಡದು ಬೇಕಂತೆ. ತನ್ನದು ಎರಡು ಶಟರಿನ ಅಂಗಡಿ, ಒಂದು ಶಟರಿನವನಿಗೆ ಅಷ್ಟುದ್ದದ ಬಿರುಕಾದರೆ ತನ್ನ ಮರ್ಯಾದೆ ಏನಾಗಬೇಕು ಎಂದು ಜಗಳಕ್ಕೇ ಬಂದ. ಪಾತ್ರೆ ಅಂಗಡಿಯವರು ಗಾರೆ ಉದುರಿ ಇಟ್ಟಿಗೆ ಕಾಣಿಸುವ ಹಾಗೆ ಬೇಕೆಂದರು. ಗಡಿಯಾರದಜ್ಜ ತಮ್ಮ ವಯಸ್ಸಿಗೆ ತಕ್ಕಂತೆ ಸಣ್ಣದಾಗಿ, ಗಂಭೀರವಾಗಿ ಒಂದು ಬರೆಸಿಕೊಂಡರು. ಮುಚ್ಚಿದ ಅಂಗಡಿಗಳಿಗೆ ಇವರೇ ಪುಕ್ಕಟೆಯಾಗಿ, ಕೈಗೆ ಬಂದ ಹಾಗೆ ಬರೆದರು. ಇವರು ಏಣಿಯ ಮೇಲೆ ಶಿಳ್ಳೆ ಹಾಕುತ್ತಿದ್ದರೆ ಕೆಳಗೆ ನಾನು ಗುಂಡಿ ಎಣಿಸುವುದನ್ನು ಬಿಟ್ಟು ಕೇಳುತ್ತಿದ್ದೆ.

ನಮ್ಮ ಸರದಿ ಕೊನೆಗೆ ಬಂತು. ಏಣಿ ಹತ್ತಿದರು, ಬ್ರಷ್ ಅದ್ದಿದರು, ನಿಂತರು. ನಿಂತೇ ಇದ್ದರು. ಆಮೇಲೆ ಇಳಿದು ಬಂದು, ಇಲ್ಲಿ ಸುಣ್ಣ ಸರಿಯಿಲ್ಲ, ಬಣ್ಣ ಹಿಡಿಯುವುದಿಲ್ಲ ಎಂದರು. ಮರುದಿನವೂ ಅದೇ ಮಾತು. ಊರಿಗೆಲ್ಲ ಹಿಡಿಯುವ ಬಣ್ಣ ನನ್ನ ಗೋಡೆಗೆ ಮಾತ್ರ ಹಿಡಿಯುವುದಿಲ್ಲವೇ? ಮಳೆಗಾಲದಲ್ಲಿ ಡ್ರಾಯರುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಒದ್ದಾಡುವವಳು ನಾನು, ಸಹಾಯ ಸಿಗಬೇಕಾದ್ದೂ ನನಗೇ. ನಾನು ಕಾಡಿದೆ, ಬೇಡಿದೆ, ರೇಗಿದೆ, ಕೊನೆಗೆ ಮುಖ ಊದಿಸಿಕೊಂಡು ಮಾತು ಬಿಟ್ಟೆ. ಟೀ ಲೋಟವನ್ನು ಅವರ ಮುಂದೆ ಕುಕ್ಕಿ ಹೋಗುತ್ತಿದ್ದೆ.

ಸಮೀಕ್ಷೆಗೆ ಬಂದವಳು ಒಬ್ಬ ಇಂಜಿನಿಯರಮ್ಮ. ಚುರುಕಾದ ಹೆಣ್ಣು, ನಗುಮುಖ. ಎಡಗೈ ತೋಳಿನ ತುದಿಯಲ್ಲಿ ಗುಂಡಿ ಉದುರಿ ಪಿನ್ನು ಚುಚ್ಚಿಕೊಂಡಿದ್ದಳು; ನನ್ನ ಕಣ್ಣು ಮೊದಲು ಹೋಗಿದ್ದೇ ಅಲ್ಲಿಗೆ. ಈ ಸಲ ರಸ್ತೆಯಿಂದ ಫೋಟೋ ತೆಗೆಯುವುದಷ್ಟೇ, ಒಳಗೆ ಬರುವುದಿಲ್ಲ ಎಂದು ಮೊದಲೇ ಹೇಳಿದಳು. ಟೈಲರಣ್ಣನ ಗೋಡೆ ನೋಡಿ ಅಯ್ಯೋ ಎಂದಳು. ಚಪ್ಪಲಿ ಅಂಗಡಿಯವನ ಗೋಡೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಅವನು ಹೆಮ್ಮೆಯಿಂದ ಟೈಲರಣ್ಣನ ಕಡೆ ನೋಡಿದ. ನಮ್ಮ ಕಟ್ಟಡದ ಮುಂದೆ ಬಂದು, "ಪರವಾಗಿಲ್ವೇ, ಇದೊಂದು ಮಾತ್ರ ಕಲ್ಲುಗುಂಡಿನ ಹಾಗಿದೆ" ಎಂದಳು. ಒಳಗೆ ಸೋರುತ್ತದೆ, ಬಂದು ನೋಡಿ ಎಂದು ನಾನು ಗೋಗರೆದರೂ ಈ ಸಲ ಅದಿಲ್ಲ ಎಂದು ಮುಂದೆ ಹೋದಳು. ನಾನು ನಮ್ಮ ಯಜಮಾನರನ್ನು ನೋಡಿದ ನೋಟಕ್ಕೆ ಅವರು ಸುಟ್ಟು ಬೂದಿಯಾಗಬೇಕಿತ್ತು.

ಸಹಾಯ ಬರಲಿಲ್ಲ, ನೋಟಿಸು ಬಂತು. ಪ್ರತಿ ಬಾಗಿಲಿಗೂ ಅಂಟಿಸಿದರು. ಬೀದಿಯ ಅರ್ಧಕ್ಕಿಂತ ಹೆಚ್ಚು ಕಟ್ಟಡಗಳು ಅಪಾಯದ ಸ್ಥಿತಿಯಲ್ಲಿರುವುದರಿಂದ ಇಡೀ ಬೀದಿಯನ್ನು ಶಿಥಿಲ ಪ್ರದೇಶವೆಂದು ಘೋಷಿಸಿ, ಕೆಡವಿ, ಮರು ಅಭಿವೃದ್ಧಿ ಮಾಡಲಾಗುವುದು. ಅಂಗಡಿಗಳಿಗೆ ಊರಾಚೆಯ ಹೊಸ ಬಡಾವಣೆಯಲ್ಲಿ ಜಾಗ. ಯಾರಿಗಾದರೂ ತಕರಾರಿದ್ದರೆ ನಗರಸಭೆಯ ವಿಚಾರಣೆಗೆ ಬಂದು ಹೇಳಬಹುದು. ಆವತ್ತು ಪೇಪರಿನ ಸಣ್ಣ ಅಕ್ಷರದಲ್ಲಿ ಇದ್ದದ್ದು ಇದೇ.

ಟೈಲರಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಎಲ್ಲರೂ ಗಡಿಯಾರದಜ್ಜನ ಅಂಗಡಿಯಲ್ಲಿ ಸೇರಿದೆವು. ನೂರಾರು ಗಡಿಯಾರಗಳು ನೂರಾರು ಸಮಯ ತೋರಿಸುವ ಆ ಕೋಣೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಚಪ್ಪಲಿ ಅಂಗಡಿಯವನು ಸದ್ದಿಲ್ಲದೆ ಒರೆಸಿಬಿಡೋಣ ಎಂದ.

"ಫೋಟೋ ಅವರ ಹತ್ರ ಇದೆ. ನಾಳೆ ಬಂದು ಬಿರುಕು ಎಲ್ಲಿ ಅಂತ ಕೇಳಿದ್ರೆ? ತಾನಾಗೇ ವಾಸಿಯಾಗೋಕೆ ಅದೇನು ನೆಗಡಿಯಾ?" ಎಂದರು ಅಜ್ಜ.

ನಿಜ ಹೇಳಿದರೆ ಸರ್ಕಾರಕ್ಕೆ ಮೋಸ ಮಾಡಿದ ಕೇಸು, ಎಲ್ಲರೂ ಕಂಬಿ ಎಣಿಸಬೇಕಾಗುತ್ತದೆ ಎಂದೂ ಅವರೇ ಹೆದರಿಸಿದರು. ಹಾಗಾಗಿ ವಿಚಾರಣೆಯಲ್ಲಿ ಕಷ್ಟಸುಖ ಹೇಳಿಕೊಂಡು ಕೈ ಮುಗಿಯುವುದು, ಬಣ್ಣದ ವಿಷಯಕ್ಕೆ ಎಲ್ಲರೂ ಬಾಯಿಗೆ ಬೀಗ ಹಾಕಿಕೊಳ್ಳುವುದು ಎಂದು ತೀರ್ಮಾನವಾಯಿತು. ನಮ್ಮ ಯಜಮಾನರು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ತಮ್ಮ ಜೀವಮಾನದ ಒಳ್ಳೆಯ ಕೆಲಸವೇ ಬೀದಿಗೆ ಮುಳುವಾಯಿತಲ್ಲ ಎಂಬ ಸಂಕಟ ಅವರಿಗೆ. ಸಮಾಧಾನ ಹೇಳೋಣ ಎನಿಸಿತು. ಆದರೆ ಮಾತು ಬಿಟ್ಟಾಗಿತ್ತಲ್ಲ, ಮೊದಲು ಅವರೇ ಮಾತಾಡಲಿ ಎಂದು ಬಿಗಿದುಕೊಂಡೆ.

ವಿಚಾರಣೆಯ ದಿನ ನಗರಸಭೆಯ ಸಭಾಂಗಣದಲ್ಲಿ ನಾವೆಲ್ಲ ಒಗೆದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕೂತೆವು. ಎದುರಿನ ಮೇಜಿನಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಇಂಜಿನಿಯರಮ್ಮ. ಒಬ್ಬೊಬ್ಬರಾಗಿ ಎದ್ದು ಕಷ್ಟ ಹೇಳಿಕೊಂಡರು. ಅಧ್ಯಕ್ಷರು ಕೆಟ್ಟವರೇನಲ್ಲ; ಎಲ್ಲವನ್ನೂ ಕೇಳಿ, ನಿಮ್ಮ ತಲೆಯ ಮೇಲೆ ಗೋಡೆ ಬಿದ್ದರೆ ಯಾರು ಹೊಣೆ ಎಂದು ಮೆತ್ತಗೆ ಕೇಳಿದರು. ಆಮೇಲೆ ಇಂಜಿನಿಯರಮ್ಮ ಗೋಡೆಯ ಮೇಲೆ ಬೀದಿಯ ನಕ್ಷೆ ತೂಗುಹಾಕಿದಳು. ಕೆಡವಬೇಕಾದ ಕಟ್ಟಡಗಳಿಗೆ ಕೆಂಪು. ಬೀದಿಯ ಎರಡೂ ಬದಿಗೆ ಕೆಂಪೇ ಕೆಂಪು, ನಡುವೆ ಒಂದೇ ಒಂದು ಬಿಳಿ ಚೌಕ.

ಈ ಗುಂಡಿ ಅಂಗಡಿಯೊಂದು ಸುಸ್ಥಿತಿಯಲ್ಲಿದೆ, ಇದನ್ನು ಉಳಿಸಿಕೊಂಡು ಉಳಿದದ್ದನ್ನು ತೆಗೆಯಬಹುದು ಎಂದಳು.

ಅಂದರೆ ನನ್ನ ಅಂಗಡಿ ಉಳಿಯಿತು. ಒಂದು ಕ್ಷಣ, ಸುಳ್ಳೇಕೆ, ನನಗೆ ಜೀವ ಬಂದಂತಾಯಿತು. ಆದರೆ ಅಷ್ಟರಲ್ಲಿ ಕುರ್ಚಿಗಳೆಲ್ಲ ಕಿರಗುಟ್ಟಿದವು. ಇಡೀ ಬೀದಿ ನಮ್ಮಿಬ್ಬರ ಕಡೆ ತಿರುಗಿ ನೋಡುತ್ತಿತ್ತು. ಚಪ್ಪಲಿ ಅಂಗಡಿಯವನು ಎದ್ದು ನಿಂತ. ಅವನ ಮುಖವೂ ನಕ್ಷೆಯ ಬಣ್ಣಕ್ಕೆ ತಿರುಗಿತ್ತು.

"ಗೊತ್ತಾಯ್ತು ಬಿಡಿ ಆರ್ಟಿಸ್ಟ್ ಸಾಹೇಬ್ರೇ. ನಮ್ದೆಲ್ಲ ಮುಳುಗಿಸಿ ನಿಮ್ದೊಂದು ಉಳಿಸ್ಕೊಂಡ್ರಲ್ಲ. ಮೊದಲೇ ಎಲ್ಲ ಗೊತ್ತಿತ್ತು ನಿಮಗೆ."

ನನಗೆ ಸಿಟ್ಟು ನೆತ್ತಿಗೇರಿತು. ಮನೆಯಲ್ಲಿ ಇವರನ್ನು ನಾನು ಬೈದರೆ ಅದು ನನ್ನ ಹಕ್ಕು. ಹೊರಗಿನವರು ಒಂದು ಮಾತಾಡಿದರೆ ನಾನು ಸುಮ್ಮನಿರುವವಳಲ್ಲ. ಎದ್ದೆ.

"ನಾಲಿಗೆ ಹಿಡಿದು ಮಾತಾಡಣ್ಣ. ನಿನ್ನ ಗೋಡೆಗೆ ಅಷ್ಟು ದೊಡ್ಡದು ಬೇಕು ಅಂತ ಜಗಳ ಆಡಿದ್ದು ನೀನು. ನಮ್ಮ ಗೋಡೆಗೂ ಒಂದು ಬರೀರಿ ಅಂತ ನಾನು ಇವರ ಪ್ರಾಣ ತಿಂದಿದೀನಿ. ಸುಣ್ಣ ಸರಿಯಿಲ್ಲ ಅಂತ ಬರೀಲೇ ಇಲ್ಲ. ಆವತ್ತಿಂದ ಇವರ ಜೊತೆ ನಾನು ಮಾತೇ ಆಡಿಲ್ಲ, ಬೇಕಾದ್ರೆ ಟೈಲರಣ್ಣನ್ನ ಕೇಳು."

ಗಡಿಯಾರದಜ್ಜ ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಾ, "ಏನನ್ನ ಬರೆಯೋದಮ್ಮ?" ಎಂದರು.

ಆಗ ನನಗೆ ಹೊಳೆಯಿತು, ಬೀಗ ಒಡೆದವಳು ನಾನೇ ಎಂದು. ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆಗ ಪಕ್ಕದಲ್ಲಿ ನಮ್ಮ ಯಜಮಾನರು ಮೆಲ್ಲಗೆ ಎದ್ದು ನಿಂತರು.

"ಬಿರುಕು, ಸಾರ್" ಎಂದರು. "ಆ ಬೀದೀಲಿ ನೀವು ನೋಡಿದ ಬಿರುಕೆಲ್ಲ ನಾನು ಬರೆದಿದ್ದು. ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗುತ್ತೆ. ತಪ್ಪು ನಂದು, ಇವರದ್ಯಾರದೂ ಅಲ್ಲ." ಆಮೇಲೆ ಅಧ್ಯಕ್ಷರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಸುಣ್ಣ ಸರಿಯಾಗೇ ಇತ್ತು ಕಣೇ. ಮಿಕ್ಕಿದ್ದೆಲ್ಲ ನನಗೆ ಗೋಡೆ. ಅದು ನಿನ್ನ ಅಂಗಡಿ. ಸುಳ್ಳಿಗೂ ಅದನ್ನ ಒಡೆಯೋಕೆ ಕೈ ಬರಲಿಲ್ಲ."

ಅಷ್ಟು ಜನರ ಮುಂದೆ, ಮೈಕು ಬೇರೆ ಆನ್ ಇತ್ತು. ನಾಚಿಕೆಯಿಂದ ನನ್ನ ಕಿವಿಯೆಲ್ಲ ಬಿಸಿಯಾಯಿತು. ಕಣ್ಣಲ್ಲಿ ನೀರು ತುಂಬಿತು, ಅದನ್ನು ಮರೆಸಲು ನಾನು, "ಮೊದಲೇ ಹೇಳೋಕೇನಾಗಿತ್ತು ರೀ?" ಎಂದು ಗದರಿದೆ. ಮಾತು ಬಿಟ್ಟಿದ್ದು ಅಲ್ಲಿಗೆ ಮುಗಿಯಿತು.

ಅಧ್ಯಕ್ಷರು ಯಾರ ಮಾತನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಸಭೆಯನ್ನು ಅಲ್ಲಿಗೇ ನಿಲ್ಲಿಸಿ, ಎಲ್ಲರನ್ನೂ ಹೊರಡಿಸಿಕೊಂಡು ನಮ್ಮ ಬೀದಿಗೇ ಬಂದರು. ಏಣಿ ಹಾಕಿದೆವು. ಇಂಜಿನಿಯರಮ್ಮ ನನ್ನಿಂದ ಒದ್ದೆ ಬಟ್ಟೆ ಇಸಿದುಕೊಂಡು ತಾನೇ ಹತ್ತಿದಳು. ಚಪ್ಪಲಿ ಅಂಗಡಿಯ ದೊಡ್ಡ ಬಿರುಕಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು, ಬೆರಳಾಡಿಸಿದಳು, ಆಮೇಲೆ ಬಟ್ಟೆ ಎಳೆದಳು. ಬಟ್ಟೆ ಕಪ್ಪಾಯಿತು, ಗೋಡೆ ಗಟ್ಟಿಯಾಯಿತು. ಏಣಿಯ ಮೇಲೆಯೇ ಅವಳಿಗೆ ನಗು ಉಕ್ಕಿಬಂತು. ಕಾಲೇಜಿನಲ್ಲಿ ಮೇಷ್ಟ್ರು, ಮುಟ್ಟಿ ನೋಡದೆ ಯಾವ ಗೋಡೆಯನ್ನೂ ನಂಬಬೇಡಿ ಎಂದು ಬಡಕೊಂಡಿದ್ದರು, ತಾನು ಆಗ ನಿದ್ದೆ ಮಾಡುತ್ತಿದ್ದೆ ಎಂದು ಅಲ್ಲಿಂದಲೇ ಹೇಳಿಕೊಂಡಳು.

ಅಧ್ಯಕ್ಷರು ನಗಲಿಲ್ಲ. ನಮ್ಮನ್ನೆಲ್ಲ ರಸ್ತೆಯಲ್ಲೇ ನಿಲ್ಲಿಸಿ ಚೆನ್ನಾಗಿ ನೀರಿಳಿಸಿದರು. ಆದರೆ ಹೊರಡುವ ಮೊದಲು ಗಡಿಯಾರದಜ್ಜನ ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಇದು ಕೂಡ ಸುಳ್ಳಾ ಎಂದು ಕೇಳಿದರು. ಹೌದು ಎಂದಾಗ, ಥೂ, ಎಂಥ ಕೈಯಪ್ಪ ನಿನ್ನದು ಎಂದು ಇವರನ್ನು ಬೈದರೋ ಹೊಗಳಿದರೋ ತಿಳಿಯದ ಹಾಗೆ ಹೇಳಿ ಹೋದರು. ಎಲ್ಲವನ್ನೂ ಒರೆಸಿ ತೊಳೆಯುವುದೇ ನಮಗೆ ಶಿಕ್ಷೆ. ಮತ್ತೆ ಸಮೀಕ್ಷೆ, ಈ ಸಲ ಒಳಗೂ ಹೊರಗೂ, ಮುಟ್ಟಿ, ತಟ್ಟಿ.

ಮತ್ತೆ ಬಂದಾಗ ಇಂಜಿನಿಯರಮ್ಮ ಪ್ರತಿ ಗೋಡೆಯನ್ನೂ ಸುತ್ತಿಗೆಯ ಹಿಡಿಯಿಂದ ಕುಟ್ಟಿ ನೋಡಿದಳು. ಎಲ್ಲವೂ ಭದ್ರ. ಕೊನೆಗೆ ನಮ್ಮಲ್ಲಿಗೆ ಬಂದು, ಅಟ್ಟ ಹತ್ತಿ, ಸೂರಿನ ತೊಲೆಗೆ ಬೆರಳು ಒತ್ತಿದಳು. ಬೆರಳು ಒಳಗೇ ಹೋಯಿತು.

"ಅಮ್ಮಾ, ಇಡೀ ಬೀದೀಲಿ ರಿಪೇರಿ ಬೇಕಾಗಿರೋದು ಇದೊಂದಕ್ಕೇ" ಎಂದಳು.

ನಾನು ನಮ್ಮ ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಗು ತಡೆಯಲಾಗದೆ ಇಬ್ಬರೂ ಡ್ರಾಯರಿಗೆ ಒರಗಿ ಹೊಟ್ಟೆ ಹಿಡಿದುಕೊಂಡೆವು.

ಶಿಥಿಲ ಪ್ರದೇಶದ ಮಾತು ಅಲ್ಲಿಗೆ ಬಿದ್ದುಹೋಯಿತು. ಮಳೆಗಾಲ ಶುರುವಾಗುವ ಮೊದಲೇ ನಮ್ಮ ತೊಲೆ ಬದಲಾಯಿತು. ಅದನ್ನು ಹೊತ್ತು ತಂದವರಲ್ಲಿ ಚಪ್ಪಲಿ ಅಂಗಡಿಯವನೇ ಮುಂದೆ. ಕ್ಷಮಿಸಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ, ಬೆವರು ಸುರಿಸಿದ, ನನಗೆ ಅದೇ ಸಾಕಾಯಿತು. ಇಂಜಿನಿಯರಮ್ಮ ಹೊರಡುವಾಗ ಇನ್ನೊಂದು ಮಾತು ಹೇಳಿಹೋಗಿದ್ದಳು: ನಿಮ್ಮ ಬೀದಿಗೆ ಇರುವ ರೋಗ ಬಿರುಕಲ್ಲ, ಬೋರ್ಡು. ಬಿಸಿಲಿಗೆ ಬಣ್ಣ ಹೋದ ಫ್ಲೆಕ್ಸ್ ನೋಡಿದರೆ ತೆರೆದ ಅಂಗಡಿಯೂ ಮುಚ್ಚಿದ ಹಾಗೆ ಕಾಣುತ್ತದೆ. ಮರುದಿನವೇ ಟೈಲರಣ್ಣ ಇವರ ಸ್ಟೂಲಿನ ಮುಂದೆ ಹಾಜರು. ಅವನ ಹಿಂದೆ ಚಪ್ಪಲಿ ಅಂಗಡಿಯವನು, ಟೈಲರಣ್ಣನಿಗಿಂತ ದೊಡ್ಡ ಬೋರ್ಡ್ ಬೇಕೆಂದು. ಜಗಳ ಮೊದಲಿನಂತೆಯೇ ಶುರುವಾಯಿತು. ಹೊಸ ಪೇಟೆಯಿಂದಲೂ ಜನ ಬೀದಿ ನೋಡಲು ಬರತೊಡಗಿದರು, ಬಂದವರು ಗೋಡೆ ಮುಟ್ಟಿ ನೋಡುತ್ತಾರೆ, ಆಮೇಲೆ ಚಪ್ಪಲಿಯನ್ನೋ ಪಾತ್ರೆಯನ್ನೋ ಕೊಂಡುಹೋಗುತ್ತಾರೆ.

ಎಲ್ಲರ ಬೋರ್ಡೂ ಮುಗಿದ ಮೇಲೆ ಒಂದು ಮಧ್ಯಾಹ್ನ ಇವರು ನನ್ನನ್ನು ಒಳಗೆ ಕೂರಿಸಿ, ಕರೆಯುವವರೆಗೆ ಹೊರಗೆ ಬರಬೇಡ ಎಂದರು. ಏಣಿಯ ಸದ್ದು, ಶಿಳ್ಳೆಯ ಸದ್ದು ಕೇಳುತ್ತಾ ನಾನು ಒಂದು ಡ್ರಾಯರಿನ ಗುಂಡಿಗಳನ್ನು ಇನ್ನೊಂದಕ್ಕೆ ಸುರಿದುಬಿಟ್ಟೆ. ಕರೆದಾಗ ಹೊರಗೆ ಬಂದು ನೋಡಿದೆ. ಮೇಲಿನ ಕಿಟಕಿಯ ಮೂಲೆಯಿಂದ ನಮ್ಮ ಗೋಡೆಯ ಮೇಲೆ ಒಂದು ಬಿರುಕು ಇಳಿದುಬಂದಿತ್ತು. ಅದರ ಉದ್ದಕ್ಕೂ ಕೆಂಪು ದಾರದ ಹೊಲಿಗೆ, ಎರಡೂ ಅಂಚುಗಳನ್ನು ಬಿಗಿಯಾಗಿ ಎಳೆದು ಕೂಡಿಸಿದ ಹಾಗೆ. ಕೊನೆಯಲ್ಲಿ, ಅಂದು ಅಮ್ಮನ ಕಾಲದಲ್ಲಿ ಬರೆದ ಬೋರ್ಡಿನ ಮೇಲಕ್ಕೆ ಸರಿಯಾಗಿ, ತಟ್ಟೆಯಷ್ಟಗಲದ ಒಂದು ಗುಂಡಿ.

ಈಗ ಕೈ ಬಂತೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅತ್ತುಬಿಡುತ್ತಿದ್ದೆ. ದಾರದ ಬಣ್ಣ ಸ್ವಲ್ಪ ಹೆಚ್ಚಾಯಿತು ಎಂದಷ್ಟೇ ಹೇಳಿದೆ.

ಅದೇ ವಾರ ಇಂಜಿನಿಯರಮ್ಮ ಬಲಗೈ ತೋಳಿನ ಗುಂಡಿ ತೋರಿಸಿ, ಇದಕ್ಕೊಂದು ಜೋಡಿ ಕೊಡಿ ಎಂದು ಬಂದಳು. ನಾನು ಡ್ರಾಯರ್ ಎಳೆಯುವಷ್ಟರಲ್ಲಿ ಅವಳು ಹೊರಗೆ ಹೋಗಿ ಏಣಿ ಹತ್ತಿ, ಹೆಬ್ಬೆರಳು ಒದ್ದೆ ಮಾಡಿಕೊಂಡು ನಮ್ಮ ಬಿರುಕನ್ನು ಉಜ್ಜಿ ನೋಡುತ್ತಿದ್ದಳು. ಕೆಳಗೆ ಏಣಿ ಹಿಡಿದುಕೊಂಡಿದ್ದ ನಮ್ಮ ಯಜಮಾನರು, ಎಷ್ಟು ಬೇಕಾದರೂ ಉಜ್ಜಿಕೊಳ್ಳಿ ಎಂದು ನಗುತ್ತಿದ್ದರು. ಈ ಸಲ ಬರೆದಿದ್ದು ಎಣ್ಣೆ ಬಣ್ಣದಲ್ಲಿ.